ಬಾಡಿಗೆ ನೆಂಟರು

ಮದುವೆಗೆ ಬಂದವರಲ್ಲಿ ಕುಣಿಯುವವರಿಗಿಂತ ಕುಣಿಯುವವರನ್ನು ನೋಡಿ ಮೂಗು ಮುರಿಯುವವರೇ ಹೆಚ್ಚು. ಇದು ಡ್ಯಾನ್ಸ್ ಟೀಚರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಾರವೆಲ್ಲ ಅವಳು ಔಷಧಿ ಅಂಗಡಿಯ ಮಹಡಿ ಮೇಲಿನ ಕೋಣೆಯಲ್ಲಿ ಮಕ್ಕಳಿಗೆ ಕುಣಿತ ಕಲಿಸುತ್ತಿದ್ದಳು. ಭಾನುವಾರ ಬಂತೆಂದರೆ ಯಾರದೋ ಮನೆಯ ನೆಂಟಳಾಗುತ್ತಿದ್ದಳು. ರಿಸೆಪ್ಷನ್ನಿನಲ್ಲಿ ಅತಿಥಿಗಳ ನಡುವೆ ಅತಿಥಿಯ ಹಾಗೆ ಕೂತಿರುವುದು, ಹಾಡು ಶುರುವಾದ ಕೂಡಲೇ ಇನ್ನು ತಡೆಯಲಾರೆ ಅನ್ನುವವಳ ಹಾಗೆ ಎದ್ದು ಕುಣಿಯುವುದು, ಅಕ್ಕಪಕ್ಕದವರ ಕೈಹಿಡಿದು ಎಳೆಯುವುದು, ಒಂದಷ್ಟು ಜನ ಸೇರಿದ ಮೇಲೆ ಬೆಕ್ಕಿನ ಹಾಗೆ ಜಾರಿಕೊಳ್ಳುವುದು. ಇಷ್ಟೇ ಕೆಲಸ. ಜೊತೆಗೆ ಅವಳ ಹಳೆಯ ಗೆಳೆಯರಿಬ್ಬರು ಬರುತ್ತಿದ್ದರು: ಒಬ್ಬ ಜಿಮ್ ಮಾಸ್ತರ, ಇನ್ನೊಬ್ಬಳು ಆಸ್ಪತ್ರೆಯಲ್ಲಿ ನರ್ಸ್.

ಈ ಕೆಲಸ ಮಾಡುತ್ತ ಮಾಡುತ್ತ ಟೀಚರಿಗೆ ನೆಂಟರೆಂಬ ಜಾತಿಯ ಮೇಲೇ ಒಂದು ಅಸಡ್ಡೆ ಹುಟ್ಟಿಬಿಟ್ಟಿತ್ತು. ಕರೆದರೆ ಬರುತ್ತಾರೆ, ಕರೆಯದಿದ್ದರೆ ಬೈಯುತ್ತಾರೆ, ಬಂದ ಮೇಲೂ ಬೈಯುತ್ತಾರೆ. ಸಾವಿನ ಮನೆಗೂ ಮದುವೆ ಮನೆಗೂ ಅವರು ತರುವ ಮುಖ ಒಂದೇ, ಬಟ್ಟೆ ಮಾತ್ರ ಬೇರೆ.

ಟೈಲ್ಸ್ ಸಾಹುಕಾರರು ಮಗಳ ರಿಸೆಪ್ಷನ್ನಿಗಾಗಿ ಅವಳನ್ನು ಕರೆಸಿದ್ದು ತಮ್ಮ ಶೋರೂಮಿಗೆ. ಸಾಲಾಗಿ ನಿಲ್ಲಿಸಿದ ಮಾದರಿ ಬಚ್ಚಲುಗಳ ನಡುವೆ ಅವರ ಮೇಜು. ಬೆನ್ನ ಹಿಂದೆ ನೀರಿಲ್ಲದ ಷವರ್, ಪಕ್ಕದಲ್ಲಿ ಫಳಫಳ ಹೊಳೆಯುವ ಕಮೋಡು. ಅದರ ಮುಚ್ಚಳದ ಮೇಲೆ ಅವರ ಚಹಾದ ಲೋಟ.

"ನನ್ನ ಷಡ್ಡಕನ ಮಗನ ಮದುವೇಲಿ ಹಾಲ್‌ಗೆ ಹಾಲೇ ಕುಣೀತು," ಅಂದರು ಸಾಹುಕಾರರು. ಹೆಂಡತಿಯ ತಂಗಿಯ ಗಂಡನನ್ನು ನೆನೆದ ಕೂಡಲೇ ಅವರ ಬಾಯಿಗೆ ಕಹಿ ಬಂದಂತಾಯಿತು. "ಆ ವಿಡಿಯೋನ ಇನ್ನೂ ಕಳಿಸ್ತಾನೇ ಇದ್ದಾನೆ ಆಸಾಮಿ. ನಮ್ಮಲ್ಲಿ ಅದಕ್ಕಿಂತ ಹೆಚ್ಚು ಕುಣೀಬೇಕು. ಆದ್ರೆ ನೀವು ಹೊರಗಿನವರು ಅಂತ ಒಂದು ನರಪಿಳ್ಳೆಗೂ ಗೊತ್ತಾಗಬಾರದು."

"ಯಾರಾದ್ರೂ ಯಾರ ಕಡೆಯವರು ಅಂತ ಕೇಳಿದ್ರೆ ಸಾರ್?"

"ನಕ್ಕುಬಿಡಿ. ನಮ್ಮ ನೆಂಟರಿಗೆ ಅಷ್ಟು ಸಾಕು. ಮಿಕ್ಕಿದ್ದು ಅವರೇ ಹೇಳ್ಕೋತಾರೆ."

ಟೀಚರಿಗೆ ಈ ಮನುಷ್ಯ ಅಲ್ಲೇ ಸಣ್ಣವನಾಗಿ ಕಂಡ. ಮಗಳು ಗಂಡನ ಮನೆಗೆ ಹೊರಟಿದ್ದಾಳೆ, ಇವನ ಕಣ್ಣು ಷಡ್ಡಕನ ಮೊಬೈಲಿನ ಮೇಲಿದೆ. ಆದರೂ ಒಪ್ಪಿಕೊಂಡಳು.

ಭಾನುವಾರ ಮಧ್ಯಾಹ್ನ ಹಾಲು ತುಂಬಿತ್ತು. ವೇದಿಕೆಯ ಮೇಲೆ ಮದುಮಗಳು, ಮದುಮಗ ಫೋಟೋಕ್ಕೆ ನಿಂತು ನಿಂತು ಅಂಗಡಿಯ ಬೊಂಬೆಗಳಂತಾಗಿದ್ದರು. ಕೆಳಗೆ ಕುಣಿಯಲೆಂದು ಬಿಟ್ಟ ಜಾಗ ಬೋಳುತಲೆಯ ಹಾಗೆ ಹೊಳೆಯುತ್ತಿತ್ತು. ಕುಣಿಯಲಾರದವರು ನೆಲ ಡೊಂಕು ಅನ್ನುತ್ತಾರೆಂದು ಗಾದೆ. ಈ ನೆಂಟರಿಗೆ ಅಷ್ಟನ್ನು ಹೇಳುವ ಭಾಗ್ಯವೂ ಇರಲಿಲ್ಲ. ಆ ಹಾಲಿಗೆ ನೆಲ ಹಾಸಿದ್ದು ಸಾಹುಕಾರರದೇ ಅಂಗಡಿ, ನೆಲ ಕನ್ನಡಿಯಷ್ಟು ಸಮ.

ಮೈಕ್ ಹಿಡಿದ ನಿರೂಪಕ ಗಂಟಲು ಹರಿಯುವಂತೆ ಕೂಗುತ್ತಿದ್ದ. "ಎಲ್ಲಿ, ಎಲ್ರೂ ಕೈ ಮೇಲೆತ್ತಿ ನೋಡೋಣ!"

ಕೆಲವು ಕೈಗಳು ಎದ್ದವು. ಎಲ್ಲವೂ ಜ್ಯೂಸಿನ ತಟ್ಟೆ ಹಿಡಿದು ಹೋಗುತ್ತಿದ್ದವನನ್ನು ಕರೆಯಲು.

ಹಾಡು ಶುರುವಾಯಿತು. ಟೀಚರ್ ಕುರ್ಚಿಯಿಂದ ಚಿಮ್ಮಿದಳು. ಜಿಮ್ ಮಾಸ್ತರ ಒಂದು ಮೂಲೆಯಿಂದ, ನರ್ಸ್ ಇನ್ನೊಂದು ಮೂಲೆಯಿಂದ ಬಂದು ಸೇರಿದರು. ಮೂವರೂ ನಕ್ಕರು, ಕುಣಿದರು, ಕೈಬೀಸಿ ಕರೆದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಟೀಚರ್ ಮುಂದಿನ ಸಾಲಿನ ದಪ್ಪ ಮೀಸೆಯವನ ಕೈ ಹಿಡಿದರೆ ಅವನು "ಮಂಡಿ ನೋವಮ್ಮ" ಅಂತ ಮುಖ ಹಿಂಡಿದ. ಊಟದ ಬಾಗಿಲು ತೆರೆಯಿತೇನೋ ಅಂತ ಯಾರೋ ಅಂದದ್ದೇ ತಡ, ಅದೇ ಮಂಡಿ ಎಲ್ಲರಿಗಿಂತ ಮುಂದೆ ಓಡಿತು, ತೆರೆದಿಲ್ಲವೆಂದು ಗೊತ್ತಾಗಿ ನೋವಿನೊಂದಿಗೆ ವಾಪಸು ಬಂತು. ಇನ್ನೊಬ್ಬಳು ಹೆಂಗಸು ಕೈಚೀಲವನ್ನು ಎದೆಗವಚಿಕೊಂಡು, "ಇದನ್ನ ಯಾರು ನೋಡ್ಕೋತಾರೆ?" ಅಂದಳು. ಯಾರೂ ಕದಿಯುವಂಥದ್ದು ಅವಳ ಚೀಲದಲ್ಲೂ ಇರಲಿಲ್ಲ, ಮುಖದಲ್ಲೂ ಇರಲಿಲ್ಲ.

ಹೀಗೆ ಬೆವರಿಳಿಸಿಕೊಂಡು ಟೀಚರ್ ನೀರು ಕುಡಿಯಲು ಕೂತಾಗ ಬಂದವಳು ರೇಡಿಯೋ ಅತ್ತೆ. ಸಾಹುಕಾರರಿಗೆ ದೂರದ ಸಂಬಂಧ. ಅವಳಿಗೆ ಹೇಳಿದ ಮಾತು ಸಂಜೆಯೊಳಗೆ ನಾಲ್ಕು ಬೀದಿ ಸುತ್ತುತ್ತಿದ್ದರಿಂದ ಆ ಹೆಸರು.

"ನೀನು ಯಾರ ಕಡೆಯವಳಮ್ಮ?"

ಟೀಚರ್ ಹೇಳಿಕೊಟ್ಟ ಹಾಗೆ ನಕ್ಕಳು.

"ಸುಮ್ನೆ ನಗಬೇಡ. ಈ ನಗು ನಾನು ನೋಡಿದೀನಿ." ಅತ್ತೆ ಕಣ್ಣು ಕಿರಿದು ಮಾಡಿ ಅವಳ ಮುಖದ ಹತ್ತಿರ ಬಂದಳು. "ಅದೇ ಮೂಗು. ಅದೇ ಗದ್ದ. ನೀನು ದೊಡ್ಡವಳ ಮಗಳಲ್ವೇನೇ?"

ಯಾವ ದೊಡ್ಡವಳು, ಎಂಥ ಮಗಳು ಎಂದು ಟೀಚರಿಗೆ ತಲೆಬುಡ ತಿಳಿಯಲಿಲ್ಲ. ಇನ್ನೊಂದು ಸಲ ನಕ್ಕಳು.

"ಅಯ್ಯೋ!" ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಆ ಭಾರದ ದೇಹ ಎಷ್ಟು ಚುರುಕಾಗಿ ಮೇಜಿನಿಂದ ಮೇಜಿಗೆ ಹೋಯಿತೆಂದರೆ, ಅದರಲ್ಲಿ ಅರ್ಧ ಚುರುಕು ಕುಣಿತಕ್ಕೆ ಕೊಟ್ಟಿದ್ದರೆ ಸಾಹುಕಾರರ ಹರಕೆ ತೀರುತ್ತಿತ್ತು.

ಸ್ವಲ್ಪ ಹೊತ್ತಿಗೆ ವಿಚಿತ್ರ ನಡೆಯಿತು. ಜನ ಎದ್ದು ಬರತೊಡಗಿದರು. ಮೊದಲು ಹೆಂಗಸರು ಇಬ್ಬಿಬ್ಬರಾಗಿ, ಆಮೇಲೆ ಗಂಡಸರು ಏನೋ ಕೆಲಸವಿದ್ದವರ ಹಾಗೆ. ಮೀಸೆಯವನೂ ಮಂಡಿ ಸಮೇತ ಬಂದ. ಎಲ್ಲರೂ ಟೀಚರಿನ ಸುತ್ತ ಸುತ್ತಿ ಮುಖ ನೋಡಿ ಹೋಗುವವರೇ. ಸುಮ್ಮನೆ ನಿಂತು ನೋಡಿದರೆ ಚೆನ್ನಾಗಿರುವುದಿಲ್ಲ. ಮೇಲಾಗಿ ವಿಡಿಯೋದವನು ದೀಪ ಹಿಡಿದು ನಿಂತಿದ್ದ. ಹಾಗಾಗಿ ಕೈಯೊಂದಿಷ್ಟು ಆಡಿಸಿದರು, ಸೊಂಟವೊಂದಿಷ್ಟು ಅಲ್ಲಾಡಿಸಿದರು. ಕೈಚೀಲದವಳು ಚೀಲವನ್ನು ತಲೆಯ ಮೇಲೆ ಎತ್ತಿ ಹಿಡಿದು ಕುಣಿದಳು. ನೋಡನೋಡುತ್ತ ನೆಲ ತುಂಬಿತು. ಹಾಡು ಮಾಡಲಾಗದ್ದನ್ನು ಚಾಡಿ ಮಾಡಿತು.

"ಏನಾಯ್ತು ಇವರಿಗೆಲ್ಲ?" ಜಿಮ್ ಮಾಸ್ತರ ಕುಣಿಯುತ್ತಲೇ ಕೇಳಿದ.

ಉತ್ತರ ತಂದವಳು ನರ್ಸ್. ಕೈ ತೊಳೆಯುವ ಜಾಗದಲ್ಲಿ ಅವಳು ಪೂರ್ತಿ ಪುರಾಣ ಕೇಳಿಸಿಕೊಂಡು ಬಂದಿದ್ದಳು. ಟೀಚರಿನ ಎದುರು ಕುಣಿಯುತ್ತ ಕಿವಿಗೆ ಬಾಯಿಟ್ಟಳು.

"ಸಾಹುಕಾರರಿಗೊಬ್ಬಳು ಅಕ್ಕ ಇದ್ದಾಳಂತೆ. ಈ ಮದುಮಗಳು ತೊಟ್ಟಿಲಲ್ಲಿದ್ದಾಗ, ತನ್ನ ಮದುವೆಗೂ ಮುಂಚೆ ಮನೆ ಬಿಟ್ಟವಳು. ಗೋಡೌನಲ್ಲಿ ಟೈಲ್ಸ್ ಪೆಟ್ಟಿಗೆ ಬಿದ್ದು ಒಬ್ಬ ಕೂಲಿಯವನ ಕಾಲು ಹೋಯ್ತಂತೆ. ಕುಡಿದು ಬಂದಿದ್ದ, ಅವನದೇ ತಪ್ಪು ಅಂತ ಇವರು ವಿಚಾರಣೇಲಿ ಹೇಳಿದ್ರೆ, ಅಕ್ಕ ಎದ್ದು ನಿಂತು, ಕುಡಿದಿರಲಿಲ್ಲ, ಮುರಿದ ಕಟ್ಟೆ ಮೇಲೆ ಪೆಟ್ಟಿಗೆ ಪೇರಿಸಿದ್ದು ನನ್ನ ತಮ್ಮನೇ ಅಂದ್ಲಂತೆ. ಅವತ್ತೇ ಹೊಸ್ತಿಲು ದಾಟಿಸಿದ್ರು. ಆಮೇಲೆ ಈ ಮನೇಲಿ ಅವಳ ಹೆಸರೆತ್ತೋ ಹಾಗಿಲ್ಲ. ನೀನು ಅವಳ ಮಗಳಂತೆ!"

"ನಾನಾ?"

"ಗದ್ದ ಸೇಮಂತೆ."

ಟೀಚರಿಗೆ ಮೂವತ್ತು ದಾಟಿ ಬಹಳ ದಿನವಾಗಿತ್ತು. ಮದುಮಗಳು ತೊಟ್ಟಿಲಲ್ಲಿದ್ದಾಗ ಮದುವೆಯೇ ಆಗಿರದಿದ್ದ ಹೆಂಗಸಿಗೆ ಇಷ್ಟು ದೊಡ್ಡ ಮಗಳು ಹೇಗೆ ಬಂದಳೆಂದು ಆ ಹಾಲಿನಲ್ಲಿ ಒಬ್ಬರೂ ಕೂಡಿ ಕಳೆಯುವ ಗೋಜಿಗೆ ಹೋಗಿರಲಿಲ್ಲ. ಹೊಟ್ಟೆ ತುಂಬ ಸುದ್ದಿ ಸಿಕ್ಕಿರುವಾಗ ಲೆಕ್ಕ ಯಾರಿಗೆ ಬೇಕು?

ಸಾಹುಕಾರರು ಮೊದಲು ತುಂಬಿದ ನೆಲ ನೋಡಿ ಹಿಗ್ಗಿ ಹೀರೇಕಾಯಿಯಾಗಿದ್ದರು. ಆಮೇಲೆ ಯಾರೋ ಅವರ ಕಿವಿಯಲ್ಲಿ ಏನೋ ಅಂದರು. ಮುಖ ಸುಟ್ಟ ಬದನೆಕಾಯಿಯಾಯಿತು. ಗುಂಪು ಸೀಳಿಕೊಂಡು ಟೀಚರಿನ ಹತ್ತಿರ ಬಂದು ಹಲ್ಲುಮುಡಿ ಕಚ್ಚಿ ಕೇಳಿದರು, "ಏನ್ ಹೇಳ್ದೆ ನೀನು ಇವರಿಗೆ?"

"ನಕ್ಕೆ ಸಾರ್. ನೀವೇ ಹೇಳಿದ್ರಲ್ಲ."

ಸಾಹುಕಾರರಿಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು. ಇವಳು ಅಕ್ಕನ ಮಗಳಲ್ಲ ಅಂದರೆ, ಮತ್ತೆ ಯಾರು ಎಂಬ ಪ್ರಶ್ನೆ ಬರುತ್ತದೆ. ಕುಣಿಯುವವರನ್ನು ಬಾಡಿಗೆಗೆ ತಂದೆ ಅಂದರೆ ಷಡ್ಡಕ ಸಾಯುವ ತನಕ ಆಡಿಕೊಳ್ಳುತ್ತಾನೆ. ಅಷ್ಟರಲ್ಲಿ ಆ ಷಡ್ಡಕನೇ ಎರಡೂ ಕೈ ಚಾಚಿಕೊಂಡು ಎದುರು ಬಂದುಬಿಟ್ಟ.

"ಭೇಷ್ ಕಣಯ್ಯಾ! ಇಷ್ಟು ವರ್ಷದ ಹಗೆ ಮರೆತು ಅಕ್ಕನ ಮಗಳನ್ನ ಕರೆಸಿದೀಯ. ನನ್ನ ಕೈಲಿ ಆಗ್ತಿರ್ಲಿಲ್ಲ ಬಿಡು. ದೊಡ್ಡ ಮನಸ್ಸು ನಿಂದು."

ಷಡ್ಡಕನ ಬಾಯಿಂದ ಅವರು ಈವರೆಗೆ ಒಂದು ಒಳ್ಳೆಯ ಮಾತು ಕೇಳಿರಲಿಲ್ಲ. ಟೀಚರ್ ಅವರನ್ನೇ ನೋಡುತ್ತಿದ್ದಳು. ಸುಟ್ಟ ಮುಖಕ್ಕೆ ಮೆಲ್ಲಗೆ ಎಣ್ಣೆ ಹಚ್ಚಿದಂತೆ ಹೊಳಪು ಬಂತು. ಎದೆ ಉಬ್ಬಿತು. ಕೈ ತಾನಾಗಿ ಬಂದು ಅವಳ ತಲೆಯ ಮೇಲೆ ಕೂತಿತು.

"ಏನೇ ಆದ್ರೂ ರಕ್ತ ಸಂಬಂಧ ಅಲ್ವಾ," ಅಂದರು ಸಾಹುಕಾರರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕುತ್ತಿದ್ದರು. ಹೊಗಳಿಕೆ ಒಂದು ತುತ್ತು ಸಿಕ್ಕರೆ ತಟ್ಟೆಯೇ ಬೇಕು ಅನ್ನುವ ಜಾಯಮಾನ. ನಿರೂಪಕನ ಕೈಯಿಂದ ಮೈಕ್ ಕಸಿದುಕೊಂಡರು. ಹಾಡು ನಿಂತಿತು.

"ಬಂಧುಗಳೇ, ಮನಸ್ಸಲ್ಲಿ ಏನೂ ಇಟ್ಕೋಬಾರದು ಅಂತ ನಾನು ಯಾವಾಗ್ಲೂ ಹೇಳ್ತೀನಿ. ಹಳೇದೆಲ್ಲ ಮರೆತಿದೀನಿ. ನನ್ನ ಅಕ್ಕನ ಮಗಳನ್ನ ನಾನೇ, ಖುದ್ದಾಗಿ, ಕರೆಸಿದೀನಿ!"

ಚಪ್ಪಾಳೆ ಬಿತ್ತು. ಕೈಚೀಲದವಳು ಕಣ್ಣೊರೆಸಿಕೊಂಡಳು. ಅಕ್ಕನನ್ನು ಹೊರಗೆ ಹಾಕಿದ ದಿನ ಬಾಗಿಲಲ್ಲಿ ನಿಂತು ಬಾಯಿಗೆ ಬೀಗ ಹಾಕಿಕೊಂಡಿದ್ದವರೇ ಇವತ್ತು ಮೂಗು ಸುರುಸುರು ಮಾಡಿಕೊಂಡು ಅಳುತ್ತಿದ್ದರು. ಟೀಚರಿಗೆ ಹೇಸಿಗೆಯಾಯಿತು. ತಲೆಯ ಮೇಲಿದ್ದ ಕೈಯನ್ನು ಕೊಡವಿ, ಬೆವರು ಒರೆಸಿಕೊಂಡು ಹೊರಟುಬಿಡೋಣ ಅನ್ನಿಸಿತು. ಅಷ್ಟರಲ್ಲಿ ವೇದಿಕೆಯ ಪಕ್ಕದ ಕುರ್ಚಿಯಿಂದ ಯಾರೋ ಕೋಲಿನಿಂದ ನೆಲ ಕುಟ್ಟಿದರು.

ಸಾಹುಕಾರರ ತಾಯಿ. ಬೆಳಗಿನಿಂದ ಅಲ್ಲೇ ಕೂತಿದ್ದ ಒಣಕಲು ಮುದುಕಿ, ಬಂದವರೆಲ್ಲ ಕಾಲು ಮುಟ್ಟಿ ಮುಂದೆ ಹೋಗಿದ್ದರೇ ಹೊರತು ಒಬ್ಬರೂ ಪಕ್ಕದಲ್ಲಿ ಕೂತು ಮಾತಾಡಿರಲಿಲ್ಲ.

"ಇಲ್ಲಿ ಬಾರೇ," ಅಂದಳು ಮುದುಕಿ.

ಟೀಚರ್ ಹೋಗಿ ಮಂಡಿಯೂರಿ ಕೂತಳು. ಮುದುಕಿ ಅವಳ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ತರಕಾರಿ ಆರಿಸುವವಳ ಹಾಗೆ ನೋಡಿದಳು. ಇಷ್ಟು ಹೊತ್ತು ನಕ್ಕು ನಕ್ಕು ಸಾಗಿಸಿದ್ದ ಟೀಚರಿಗೆ ಇಲ್ಲಿ ನಗು ಬರಲಿಲ್ಲ. ಈ ಮುದುಕಿಗೆ ಸುಳ್ಳು ಹೇಳಿದರೆ ತಾನೂ ಆ ಗುಂಪಿನವಳೇ ಆಗುತ್ತೇನೆ ಅನ್ನಿಸಿತು.

"ಅಜ್ಜಿ, ನಾನು ನಿಮ್ಮ ಮೊಮ್ಮಗಳಲ್ಲ," ಅಂದಳು ಮೆಲ್ಲಗೆ. "ಕುಣಿಯೋಕೆ ಅಂತ ನಿಮ್ಮ ಮಗ ಕರೆಸಿರೋದು. ಬೇಜಾರು ಮಾಡ್ಕೋಬೇಡಿ."

"ಗೊತ್ತು ಕಣೆ. ನನ್ನ ಮಗಳು ಮದುವೇನೇ ಆಗಿಲ್ಲ, ಮಕ್ಕಳೆಲ್ಲಿಂದ ಬರ್ತಾರೆ?"

"ನಿಮಗೆ ಹೇಗೆ..."

"ಮನೆಗೆಲಸದವಳ ಫೋನಿಂದ ಮಾತಾಡ್ತೀನಿ. ಅವಳು ಪಾತ್ರೆ ತೊಳೆಯೋಷ್ಟು ಹೊತ್ತು. ಈ ಊರಲ್ಲೇ ಇದ್ದಾಳೆ ನನ್ನ ಮಗಳು, ಶಾಲಾ ಮಕ್ಕಳ ವ್ಯಾನ್ ಓಡಿಸ್ಕೊಂಡು. ಹೋಗಿ ನೋಡ್ಬೇಕು ಅಂದ್ರೆ ಈ ಮಹಾರಾಯ ಕಾಲು ಮುರೀತೀನಿ ಅಂತಾನೆ."

"ಹಾಗಾದ್ರೆ ಅವರು ಹೇಳ್ತಿರೋದು ಸುಳ್ಳು ಅಂತ ಎಲ್ರಿಗೂ ಹೇಳ್ಬಿಡಿ ಅಜ್ಜಿ."

"ಹೇಳಿ ಏನ್ ಸಿಗುತ್ತೆ? ಒಂದು ದಿನ ನಗ್ತಾರೆ, ಅಷ್ಟೇ." ಮುದುಕಿ ಹಾಲನ್ನೆಲ್ಲ ಒಮ್ಮೆ ನೋಡಿದಳು. ಆ ನೋಟದಲ್ಲಿ ಇದ್ದ ತಾತ್ಸಾರದ ಮುಂದೆ ಟೀಚರಿನ ತಾತ್ಸಾರ ಎಳೆಕೂಸು. "ಇವನು ದೊಡ್ಡ ಮನುಷ್ಯನ ವೇಷ ಕಳಚೋದ್ರೊಳಗೆ ನನ್ನ ಕೆಲಸ ಆಗ್ಬೇಕು. ಎಬ್ಬಿಸು ನನ್ನ."

ಟೀಚರ್ ಎಬ್ಬಿಸಿದಳು. ತೋಳು ಹಿಡಿದು ನಡೆಸಿಕೊಂಡು ಹೋದಳು. ಗುಂಪು ದಾರಿ ಬಿಟ್ಟಿತು. ಮುದುಕಿ ಮಗನ ಕೈಯಲ್ಲಿದ್ದ ಮೈಕನ್ನು ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

"ಸಂತೋಷ ಆಯ್ತಪ್ಪ. ಅಕ್ಕನ ಮಗಳನ್ನ ಕರೆಸಿದೋನು ಅಕ್ಕನ್ನೇ ಬಿಟ್ಟೆಯಲ್ಲೋ. ಹಳೇದೆಲ್ಲ ಮರೆತೆ ಅಂದೆ. ಹಾಗಾದ್ರೆ ನಾನು ಇವತ್ತೇ ಅವಳ ಮನೆಗೆ ಹೋಗಿ ಇರ್ತೀನಿ. ನಿಂದೇನೂ ಅಡ್ಡಿ ಇಲ್ವಲ್ಲ?"

ಹಾಲೆಲ್ಲ ಕಿವಿಯಾಯಿತು.

"ಅದಕ್ಕೇನಮ್ಮ... ಈ ಗದ್ದಲ ಮುಗೀಲಿ, ನೋಡೋಣ..."

"ನೋಡೋದೇನಿದೆ?" ಅಂದ ಷಡ್ಡಕ. ಅವನ ಮೂಗಿಗೆ ಏನೋ ವಾಸನೆ ಹತ್ತಿತ್ತು. "ಈಗ್ಲೇ ಫೋನ್ ಮಾಡು. ಅಕ್ಕನಿಗೂ ಸಂತೋಷ ಆಗ್ಲಿ."

"ನನ್ನ ಹತ್ರ ನಂಬರ್ ಇಲ್ಲ."

ಮುದುಕಿ ಮಗ್ಗಿ ಒಪ್ಪಿಸುವವಳ ಹಾಗೆ ನಂಬರನ್ನು ಗಡಗಡ ಹೇಳಿದಳು. ಸಾಹುಕಾರರು ಒಂದೊಂದೇ ಅಂಕಿ ಒತ್ತಿದರು. ಷಡ್ಡಕ ಕೈ ಚಾಚಿ ಸ್ಪೀಕರ್ ಹಾಕಿ ಮೈಕ್ ಹತ್ತಿರ ಹಿಡಿದ.

"ಯಾರು?" ಗಡಸು ಹೆಣ್ಣುದನಿ ಹಾಲೆಲ್ಲ ಕೇಳಿಸಿತು.

"ನಾನು... ನಿನ್ನ ತಮ್ಮ."

ಆ ಕಡೆಯಿಂದ ಅದೇ ದನಿ, ಆದರೆ ಗಡಸೆಲ್ಲ ಕಳಚಿಕೊಂಡು: "ಅಮ್ಮನಿಗೆ ಏನಾಯ್ತು?"

ಮುದುಕಿ ಟೀಚರಿನ ತೋಳು ಎಳೆದುಕೊಂಡು ಮುಂದೆ ಬಾಗಿದಳು.

"ನಂಗೇನೂ ಆಗಿಲ್ಲ ಕಣೆ," ಮುದುಕಿ ಫೋನಿಗೆ ಕೂಗಿದಳು. "ನಿನ್ನ ಮನೆಗೆ ಬರ್ತೀನಿ. ಇವನೇ ಒಪ್ಪಿದಾನೆ, ಎಲ್ರೆದುರು. ಕರ್ಕೊಂಡು ಹೋಗು ಬಾ."

"ಬಂದೆ. ಗೇಟ್ ಹತ್ರ ನಿಂತಿರ್ತೀನಿ. ಒಳಗೆ ಬರಲ್ಲ."

ಫೋನು ಕಟ್ಟಾಯಿತು. ಸಾಹುಕಾರರು ನಗಬೇಕೋ ಅಳಬೇಕೋ ತಿಳಿಯದೆ ಇಂಗು ತಿಂದ ಮಂಗನ ಹಾಗೆ ನಿಂತರು. ವೇದಿಕೆಯಿಂದ ಇಳಿದು ಬಂದವಳು ಮದುಮಗಳು ಒಬ್ಬಳೇ. ಅಜ್ಜಿಯ ಕೆನ್ನೆಗೆ ಕೆನ್ನೆ ಒತ್ತಿ, "ನಿನ್ನ ಬಟ್ಟೆ, ಮಾತ್ರೆ ಎಲ್ಲ ನಾನು ಕಳಿಸ್ತೀನಿ ಅಜ್ಜಿ. ಅಪ್ಪನ್ನ ನಂಬ್ಕೊಂಡು ಕೂರಬೇಡ," ಅಂದಳು.

ಗೇಟಿಗೆ ಹಳದಿ ವ್ಯಾನು ಬಂದಾಗ ಊಟದ ಬಾಗಿಲು ತೆರೆದಿತ್ತು. ಆದರೂ ಅರ್ಧ ಜನ ಗೇಟಿಗೇ ಬಂದಿದ್ದರು. ತಾಯಿ ಮಗಳ ಮಿಲನ ಊಟಕ್ಕಿಂತ ರುಚಿ. ಡ್ರೈವರ್ ಸೀಟಿನಿಂದ ಇಳಿದವಳು ಕುಳ್ಳಗೆ ದಪ್ಪಗಿದ್ದ ನರೆಗೂದಲಿನ ಹೆಂಗಸು. ಅವಳ ಮೂಗು ಚಪ್ಪಟೆ, ಗದ್ದ ದುಂಡಗೆ. ಟೀಚರಿನದು ಎರಡೂ ಚೂಪು. ರೇಡಿಯೋ ಅತ್ತೆ ಅದನ್ನೂ ಗಮನಿಸದೆ ಟೀಚರಿನ ಬೆನ್ನಿಗೆ ಕೈಯಿಟ್ಟು ನೂಕಿದಳು.

"ಹೋಗೇ, ನಿಮ್ಮಮ್ಮ ಬಂದ್ಲು! ಎಲ್ರ ಮುಂದೆ ಏನು ನಾಚಿಕೆ?"

"ಯಾರಿವಳು?" ಅಂದಳು ಅಕ್ಕ.

"ಇವಳಾ? ನಿನ್ನ ತಮ್ಮ ಕುಣಿಯೋಕೆ ಬಾಡಿಗೆಗೆ ತಂದೋಳು," ಅಂದಳು ಮುದುಕಿ, ಎಲ್ಲರಿಗೂ ಕೇಳಿಸುವಂತೆ. "ಇನ್ನೂ ಇಬ್ಬರಿದ್ದಾರೆ ಒಳಗೆ."

ಮೊದಲು ಚೇತರಿಸಿಕೊಂಡದ್ದು ರೇಡಿಯೋ ಅತ್ತೆಯೇ. "ನಂಗೆ ಮೊದ್ಲಿಂದ ಅನುಮಾನ ಇತ್ತಮ್ಮ. ಗದ್ದ ನೋಡಿದ ಕೂಡ್ಲೇ ಅಂದ್ಕೊಂಡೆ, ಇದು ನಮ್ಮ ಮನೆತನದ ಗದ್ದ ಅಲ್ಲ ಅಂತ." ಮೀಸೆಯವನು ಹೌದು ಹೌದೆಂದು ತಲೆಯಾಡಿಸಿದ. ಷಡ್ಡಕ ಆಗಲೇ ಮೊಬೈಲು ಕಿವಿಗಿಟ್ಟುಕೊಂಡು, ಹೊಟ್ಟೆ ಹಿಡಿದುಕೊಂಡು ನಗುತ್ತ ಯಾರಿಗೋ ಹೇಳುತ್ತಿದ್ದ. ಕಣ್ಣೊರೆಸಿಕೊಂಡಿದ್ದವರೆಲ್ಲ ಅಕ್ಕನ ಕಡೆ ತಿರುಗಿಯೂ ನೋಡದೆ ಊಟಕ್ಕೆ ಹೊರಟರು. ಅಕ್ಕನೂ ಅವರ ಕಡೆ ನೋಡಲಿಲ್ಲ. ತಾಯಿಯ ಸೊಂಟ ಬಳಸಿ ಹಿಡಿದು, "ಮೆಟ್ಟಿಲು ಎತ್ತರ ಇದೆ, ಕಾಲು ಎತ್ತಿಡು," ಅಂದಳು. ಅಷ್ಟು ವರ್ಷದ ಮೇಲೆ ತಾಯಿಯನ್ನು ಮುಟ್ಟಿ ಆಡಿದ ಮೊದಲ ಮಾತು ಅದು.

ಮುದುಕಿ ಸೀಟಿನಲ್ಲಿ ಕೂತು ಕೋಲನ್ನು ಕಾಲ ಹತ್ತಿರ ಒರಗಿಸಿಕೊಂಡಳು. ಕಿಟಕಿಯಿಂದ ಟೀಚರನ್ನು ಕರೆದಳು. ನಾಲ್ಕು ಒಳ್ಳೆಯ ಮಾತು ಬರುತ್ತದೆಂದು ಟೀಚರ್ ಹತ್ತಿರ ಹೋದಳು.

"ನೀನು ಕುಣಿಯೋದು ಚೆನ್ನಾಗಿಲ್ಲ ಕಣೆ."

"ಏನಜ್ಜಿ?"

"ಕಾಲು ಸರಿಯಾಗೇ ಬೀಳುತ್ತೆ. ಮುಖ ಮಾತ್ರ ಹಾಗಲಕಾಯಿ ಕಚ್ಚಿದೋಳ ಥರ. ಹಲ್ಲು ಬಿಡ್ತೀಯ, ಕಣ್ಣಲ್ಲಿ ಎಲ್ರಿಗೂ ಉಗೀತಿರ್ತೀಯ. ಅಂಥೋಳು ಕರೆದ್ರೆ ಯಾರು ಬರ್ತಾರೆ? ನಾನೂ ಬರ್ತಿರ್ಲಿಲ್ಲ."

ವ್ಯಾನು ಹೊರಟಿತು.

ಒಳಗೆ ಹೋದರೆ ಸಾಹುಕಾರರು ಕಂಬದ ಮರೆಯಲ್ಲಿ ನಿಂತಿದ್ದರು. ಅವಳ ಮುಖ ನೋಡದೆ, "ವಿಡಿಯೋ ಇನ್ನೂ ನಡೀತಿದೆ. ಒಪ್ಪಿಕೊಂಡ ಕೆಲಸ ಮುಗಿಸಿ ಹೋಗಿ," ಅಂದರು. ಇಷ್ಟಾದ ಮೇಲೂ ವಿಡಿಯೋ! ಟೀಚರ್ ಅವರನ್ನು ಕಾಲಿಂದ ತಲೆಯವರೆಗೆ ಒಮ್ಮೆ ನೋಡಿದಳು. ಬೈಯಲು ಸಹ ಅಲ್ಲಿ ಏನೂ ಉಳಿದಿರಲಿಲ್ಲ.

ಆದರೆ ಒಪ್ಪಿಕೊಂಡ ಕೆಲಸ ಒಪ್ಪಿಕೊಂಡದ್ದೇ. ನಿರೂಪಕ ಹಾಡು ಹಾಕಿದ. ನೆಂಟರೆಲ್ಲ ಬೆನ್ನು ಹಾಕಿ ತಟ್ಟೆಗಳ ಮೇಲೆ ಬಾಗಿದ್ದರು. ಬೋಳು ನೆಲದ ಮೇಲೆ ಮೂವರೇ ಕುಣಿದರು. ಟೀಚರ್ ಮುದುಕಿ ಹೇಳಿದ್ದನ್ನು ನೆನೆದು ಮುಖದ ಗಂಟು ಬಿಚ್ಚಲು ನೋಡಿದಳು. ಹುಬ್ಬು ಸಡಿಲಿಸಿದರೆ ದವಡೆ ಬಿಗಿಯುತ್ತಿತ್ತು. ದವಡೆ ಬಿಟ್ಟರೆ ಕಣ್ಣು ಮೀಸೆಯವನ ತುಂಬಿದ ತಟ್ಟೆಯ ಮೇಲೆ ಹೋಗಿ ಮತ್ತೆ ಹುಬ್ಬು ಏರುತ್ತಿತ್ತು.

"ಏನೇ ಅದು, ಹಲ್ಲು ನೋವಾ?" ಕೇಳಿದಳು ನರ್ಸ್.

"ಸುಮ್ನೆ ಕುಣಿ," ಅಂದಳು ಟೀಚರ್.